ಕತ್ತರಿ ಅಕ್ಷರದ ಊರು

ಆ ಊರಿನಲ್ಲಿ ತಪ್ಪು ಮಾಡಿದವರು 'ತಪ್ಪಾಯಿತು' ಎನ್ನುತ್ತಿರಲಿಲ್ಲ. ಹಾಗೆ ಹೇಳಕೂಡದೆಂದು ಯಾರೂ ಡಂಗುರ ಸಾರಿಸಿರಲಿಲ್ಲ. ಹೇಳದೇ ಪಾರಾಗಲು ಒಂದು ಒಳ್ಳೆಯ ದಾರಿ ಸಿಕ್ಕಿತ್ತು, ಅಷ್ಟೆ. ಅಂಥ ದಾರಿ ಸಿಕ್ಕರೆ ಯಾವ ಊರು ತಾನೇ ಬಿಟ್ಟೀತು?

ಊರಿನ ಬೀದಿಗಳೆಲ್ಲ ಕೂಡುವ ಜಾಗದಲ್ಲಿ ಒಂದು ಚಪ್ಪಟೆ ಕಲ್ಲು ಇತ್ತು. ಕಲ್ಲಿನ ಮೇಲೆ ಒಂದನ್ನೊಂದು ಅಡ್ಡ ಹಾಯ್ದ ಎರಡು ಗೆರೆ. ಓದಿದವರು ಅದನ್ನು ಇಂಗ್ಲಿಷಿನ ಎಕ್ಸ್ ಎಂದು ಗುರುತಿಸುತ್ತಿದ್ದರೋ ಏನೋ, ಊರಿನವರಿಗೆ ಅದು ಕತ್ತರಿ ಅಕ್ಷರ. ಅದನ್ನು ಕೆತ್ತಿಸಿದವನು ಯಾವ ಕಾಲದಲ್ಲೋ ನೆಲ ಅಳೆಯಲು ಬಂದಿದ್ದ ಒಬ್ಬ ದೊರೆ. ಒಂದು ದಿನ ಅವನ ಕುದುರೆ ಹೂವಿನವಳ ಮಡಿಗಳನ್ನೆಲ್ಲ ತುಳಿದು ಹಾಳು ಮಾಡಿತು. ಹೂವಿನವಳು ಬಂದು ಕಲ್ಲಿನೆದುರು ನಿಂತಳು. ದೊರೆ ಕಲ್ಲಿನ ಮೇಲೆ ನಿಂತು ತನ್ನ ಭಾಷೆಯ ಒಂದು ಗಿಡ್ಡ ಪದ ಹೇಳಿ ಇಳಿದ. ಪಕ್ಕದಲ್ಲಿದ್ದ ದುಭಾಷಿ ತಲೆ ತಗ್ಗಿಸಿ, ಕೈ ಮುಗಿದು, ಅದರ ಅರ್ಥವನ್ನು ಹೂವಿನವಳಿಗೆ ಬಿಡಿಸಿ ಹೇಳಿದ. ಹೇಳುವಾಗ ದುಭಾಷಿಯ ಮುಖ ಕೆಂಪಾಯಿತು, ದನಿ ನಡುಗಿತು, ಕಣ್ಣು ತುಂಬಿತು. ಅಷ್ಟು ಹೊತ್ತಿಗೆ ದೊರೆ ಬಂಗಲೆ ಸೇರಿ ಚಹ ಕುಡಿಯುತ್ತಿದ್ದ.

ಊರಿನವರು ಬಾಯಿ ತೆರೆದುಕೊಂಡು ನೋಡಿದರು. ತಪ್ಪು ಒಬ್ಬನದು, ನಾಚಿಕೆ ಇನ್ನೊಬ್ಬನದು! ಇಷ್ಟು ದೊಡ್ಡ ಅನುಕೂಲ ತಮ್ಮ ಹಿರಿಯರಿಗೆ ಯಾಕೆ ಹೊಳೆಯಲಿಲ್ಲ ಎಂದು ಕೈ ಕೈ ಹಿಸುಕಿಕೊಂಡರು.

ದೊರೆ ಹೋದ. ಕಲ್ಲು ಉಳಿಯಿತು. ದುಭಾಷಿಯ ಮನೆ ಉಳಿಯಿತು. ಕಲ್ಲಿನ ಮೇಲೆ ಆ ಒಂದೇ ಅಕ್ಷರ ಇದ್ದುದರಿಂದ, ಆ ಅಕ್ಷರ ಒಳಗಿರುವ ಗಿಡ್ಡ ಪದಗಳಿಗೆ ಮಾತ್ರ ಅಲ್ಲಿ ಬೆಲೆ. ಮಂದಿಯ ನೆರಳಿನ ಮರ ಕಡಿದವನು ಆ್ಯಕ್ಸ್ ಎನ್ನುವನು, ಅರ್ಥ, ಕೊಡಲಿ. ಹಾಲಿಗೆ ನೀರು ಬೆರೆಸಿದವಳು ಮಿಕ್ಸ್ ಎನ್ನುವಳು, ಅರ್ಥ, ಕಲಬೆರಕೆ. ಮಾತು ಕೊಟ್ಟು ಕರಗಿಹೋದವನದು ವ್ಯಾಕ್ಸ್, ಎಂದರೆ ಮೇಣ. ಪಕ್ಕದವನಿಗೆ ಟೋಪಿ ಹಾಕಿದವನದು ಫಾಕ್ಸ್, ಎಂದರೆ ನರಿ. ಬಚ್ಚಿಟ್ಟವನದು ಬಾಕ್ಸ್, ಎಂದರೆ ಪೆಟ್ಟಿಗೆ. ಸೊಸೆಯನ್ನು ಗೋಳು ಹುಯ್ದುಕೊಂಡ ಅತ್ತೆಯದು ವೆಕ್ಸ್, ಎಂದರೆ ಕಾಟ. ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ, ಆದರೂ ಹೇಳುತ್ತಿದ್ದರು.

ನಡೆಯುತ್ತಿದ್ದದ್ದು ಹೀಗೆ. ತಪ್ಪು ಮಾಡಿದವರು ಮೊದಲು ದುಭಾಷಿಯ ಮನೆಗೆ ಹೋಗಿ ನಡೆದದ್ದನ್ನು ಕಿವಿಯಲ್ಲಿ ಹೇಳಬೇಕು. ಆ ಮನೆಯವರು ತಕ್ಕ ಪದ ಕೊಡುತ್ತಾರೆ, ಅರ್ಥ ಹೇಳುವುದಿಲ್ಲ. ಮರುದಿನ ಬೆಳಗ್ಗೆ ತಪ್ಪು ಮಾಡಿದವರು ಕಲ್ಲು ಹತ್ತಿ, ಗೆರೆಗಳು ಕೂಡುವಲ್ಲಿ ಕಾಲೂರಿ, ಪದ ಹೇಳಿ ಇಳಿಯುತ್ತಾರೆ. ದುಭಾಷಿಯ ಮನೆಯವರು ತಲೆ ತಗ್ಗಿಸಿ ನೊಂದವರಿಗೆ ಅರ್ಥ ಹೇಳುತ್ತಾರೆ. ಅರ್ಥಕ್ಕೆ ತಕ್ಕಂತೆ ದಂಡ. ಕೊನೆಗೆ ನೊಂದವರು ಒಂದು ಬಿಂದಿಗೆ ನೀರನ್ನು ಕಲ್ಲಿನ ಮೇಲೆ ಸುರಿಯುತ್ತಾರೆ. ಪದ ಬಂತು, ಅರ್ಥ ಬಂತು, ನೀರು ಬಂತು. ಮುಗಿಯಿತು.

ನೀರು ಬಿದ್ದ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ಪದವನ್ನೂ ಮರೆಯಬೇಕು, ಅರ್ಥವನ್ನೂ ಮರೆಯಬೇಕು. ಮರೆಯುವುದರಲ್ಲಿ ಆ ಊರಿನವರನ್ನು ಮೀರಿಸುವವರಿರಲಿಲ್ಲ. ಹಾಲಿನವಳು ಮಿಕ್ಸ್ ಎಂಬ ಪದವನ್ನು ಪ್ರತಿ ಸಲವೂ ಹೊಸದೆಂಬಂತೆ ಕಲಿತು, ಅದರ ಅರ್ಥ ಕೇಳಿ ಪ್ರತಿ ಸಲವೂ ಬೆಚ್ಚಿಬಿದ್ದು, ಮನೆಗೆ ಹೋಗಿ ಹಾಲಿಗೆ ಮತ್ತೆ ನೀರು ಹಾಕುತ್ತಿದ್ದಳು.

ಈ ಕಥೆಯ ಕಾಲಕ್ಕೆ ದುಭಾಷಿಯ ಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಎಲ್ಲರೂ ಅವಳನ್ನು ಅರ್ಥದಕ್ಕ ಎನ್ನುತ್ತಿದ್ದರು. ಅವಳಿಗೆ ಪದಗಳನ್ನು ಕಲಿಸಿದ ತಾಯಿ ಕೊನೆಗಾಲದಲ್ಲಿ ಮಾತೇ ಬಿಟ್ಟಿದ್ದಳು. ಬಾಯಿ ತುಂಬ ಊರವರ ಮಾತು ತುಂಬಿ ತನ್ನದಕ್ಕೆ ಜಾಗ ಉಳಿದಿರಲಿಲ್ಲ. ಅರ್ಥದಕ್ಕನಿಗೂ ಅದು ಶುರುವಾಗಿತ್ತು. ಕಂಡವರ ಕಳ್ಳತನಕ್ಕೆ, ಕಂಡವರ ಚಾಡಿಗೆ ಅವಳು ನಾಚಿಕೊಳ್ಳಬೇಕು. ಸುಮ್ಮನೆ ಒಪ್ಪಿಸುವಂತಿಲ್ಲ, ನಿಜಕ್ಕೂ ನಾಚಬೇಕು. ಇಲ್ಲದಿದ್ದರೆ ನೊಂದವರು ಬಿಂದಿಗೆ ಎತ್ತುತ್ತಿರಲಿಲ್ಲ. ಕಲ್ಲಿನ ಬಳಿಯಿಂದ ಬಂದ ದಿನ ಅವಳ ಬಾಯೆಲ್ಲ ಉರಿಯುತ್ತಿತ್ತು. ಊರಿನವರು ಮಜ್ಜಿಗೆ ಕಳಿಸುತ್ತಿದ್ದರು. ಮಜ್ಜಿಗೆ ಕಳಿಸಿದ್ದೇವಲ್ಲ, ಇನ್ನೇನು ಬೇಕು ಎಂಬುದು ಅವರ ಲೆಕ್ಕ.

ಅರ್ಥದಕ್ಕನಿಗೆ ತನ್ನವನು ಎಂದು ಇದ್ದದ್ದು ಒಬ್ಬ ತಮ್ಮ. ತಾಯಿ ಮಾತು ಬಿಟ್ಟ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಅವನು ಊರಿನ ಅಂಬಿಗ. ಬಿದಿರು ಹೆಣೆದು ತೊಗಲು ಹೊಲಿದ ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಸಂತೆ ಆಚೆ ದಡದಲ್ಲಿ; ಹಾಗಾಗಿ ಅವನ ಹರಿಗೋಲು ಹತ್ತದವರಿಲ್ಲ. ಒಳ್ಳೆಯವನೇ. ಹಾಡುತ್ತಿದ್ದ, ನಗಿಸುತ್ತಿದ್ದ, ಮುದುಕಿಯರನ್ನು ಕೈ ಹಿಡಿದು ಇಳಿಸುತ್ತಿದ್ದ. ಇವತ್ತಿನ ಕೆಲಸವನ್ನು ನಾಳೆಗೆ ತಳ್ಳುವ ಗುಣವೊಂದು ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಮಳೆಗಾಲ ಹತ್ತಿದ ಹೊಸತರಲ್ಲಿ ಅವನು ಅಕ್ಕನ ಬಾಗಿಲಿಗೆ ಬಂದು ನಿಂತ.

"ಅಕ್ಕಾ, ಒಂದು ಪದ ಕೊಡು."

"ಏನಾಯ್ತೋ?"

"ಗಾಣದಣ್ಣನ ಎಣ್ಣೆ ಡಬ್ಬಗಳು ಹೊಳೆ ಪಾಲಾದವು. ಹರಿಗೋಲೊಳಗೆ ನೀರು ನುಗ್ತು. ತೊಗಲಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು."

"ಬಿಟ್ಟಿದ್ದು ನಿನಗೆ ಗೊತ್ತಿರಲಿಲ್ವಾ?"

"ನೋಡಿದ್ದೆ. ನಾಳೆ ಹೊಲಿದರಾಯ್ತು ಅಂದ್ಕೊಂಡೆ."

ಅರ್ಥದಕ್ಕ ಅವನ ಕಿವಿಯಲ್ಲಿ ಪದ ಹೇಳಿದಳು. "ಲ್ಯಾಕ್ಸ್."

"ಲ್ಯಾಕ್ಸ್," ಎಂದು ಅವನು ಬಾಯಲ್ಲಿ ಹೊರಳಿಸಿದ. ಚೆನ್ನಾಗಿದೆ ಎನ್ನಿಸಿರಬೇಕು, ಅದನ್ನೇ ಗುನುಗುತ್ತ ಹೋದ.

ಆ ಪದದ ಅರ್ಥ ಅಸಡ್ಡೆ. ಅಸಡ್ಡೆಗೆ ಆ ಊರಿನಲ್ಲಿ ದಂಡ ಒಂದೇ: ಯಾವ ಕೆಲಸದಲ್ಲಿ ಅಸಡ್ಡೆ ಮಾಡಿದೆಯೋ ಆ ಕೆಲಸ ಬಿಡು. ಅಸಡ್ಡೆ ಮಾಡಿದ ಕ್ಷೌರಿಕ ಕತ್ತಿ ಬಿಟ್ಟಿದ್ದ, ಅಸಡ್ಡೆ ಮಾಡಿದ ಸೂಲಗಿತ್ತಿ ಬಾಣಂತಿಮನೆ ಬಿಟ್ಟಿದ್ದಳು. ತಮ್ಮ ಹರಿಗೋಲು ಬಿಡಬೇಕು. ಹರಿಗೋಲು ಬಿಟ್ಟರೆ ಅವನಿಗೆ ಬೇರೆ ಏನೂ ಬಾರದು. ಅರ್ಥದಕ್ಕ ಆ ದಿನ ಉಣ್ಣಲಿಲ್ಲ. ಊರಿಗೆಲ್ಲ ಅವರವರ ಅರ್ಥವನ್ನು ಅಳತೆ ತಪ್ಪದೆ ಹೇಳಿದವಳು ಅವಳು. ಒಂದು ಮಾತನ್ನು ಹೆಚ್ಚು ಮಾಡಿದ್ದಿಲ್ಲ, ಕಡಿಮೆ ಮಾಡಿದ್ದಿಲ್ಲ. ಅಂಥವಳು ಒಂದು ಸಲ, ಒಂದೇ ಸಲ, ಒಂದು ಅರ್ಥವನ್ನು ತುಸು ಮೆತ್ತಗೆ ಮಾಡಿದರೆ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೋಗಿದ್ದದ್ದು ಎಣ್ಣೆ ತಾನೇ.

ಬೆಳಗ್ಗೆ ಅಂಬಿಗ ಕಲ್ಲು ಹತ್ತಿ "ಲ್ಯಾಕ್ಸ್" ಎಂದು ಇಳಿದ. ಎದುರಿಗೆ ಗಾಣದವನು ಬಿಂದಿಗೆ ಹಿಡಿದು ನಿಂತಿದ್ದ. ಅರ್ಥದಕ್ಕ ತಲೆ ತಗ್ಗಿಸಿದಳು.

"ಇವನು ಹೇಳಿದ ಪದದ ಅರ್ಥ, ದಣಿವು. ಇವನ ಕೈ ಸೋತಿತ್ತು. ಹುಟ್ಟು ಹಾಕೋಕೆ ಆಗಲಿಲ್ಲ. ಇವನಿಗೆ ನಾಚಿಕೆಯಾಗಿದೆ."

ದಣಿವಿಗೆ ದಂಡವಿಲ್ಲ. ದಣಿವಿಗೆ ಇರುವುದು ಕನಿಕರ. ಗಾಣದವನು ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. "ದಣಿವು ತಾನೇ? ಮಲಗಿ ಎದ್ದರೆ ಹೋಗುತ್ತೆ ಬಿಡಪ್ಪ. ಮುಂದಿನ ಸಂತೆಗೂ ನಿನ್ನ ಹರಿಗೋಲಲ್ಲೇ ಬರ್ತೀನಿ," ಎಂದು ಬಿಂದಿಗೆ ಬಗ್ಗಿಸಿದ. ಪದ ಬಂತು, ಅರ್ಥ ಬಂತು, ನೀರು ಬಂತು. ಮುಗಿಯಿತು.

ಬೇರೆ ಊರಾಗಿದ್ದರೆ ಅಂಬಿಗ ಮನೆಗೆ ಹೋಗಿ ನಕ್ಕು, ಬಚಾವಾದೆ ಎಂದುಕೊಂಡು, ಸೂಜಿ ದಾರ ಹುಡುಕುತ್ತಿದ್ದ. ಆದರೆ ಅವನು ಈ ಊರಿನವನು. ಕಲ್ಲಿನ ಬಳಿ ಕೇಳಿದ ಅರ್ಥವೇ ಅವನಿಗೆ ನಿಜ. ಓಹೋ, ನನಗೆ ದಣಿವಾಗಿತ್ತು ಎಂದುಕೊಂಡ. ಹೌದಲ್ಲ, ಹುಟ್ಟು ಹಾಕಿ ಹಾಕಿ ತೋಳು ಸೋತಿತ್ತು ಎಂದು ನೆನಪು ಮಾಡಿಕೊಂಡ. ಹೊಲಿಗೆಯ ಮಾತು ಕಲ್ಲಿನ ಬಳಿ ಬರಲೇ ಇಲ್ಲವಾದ್ದರಿಂದ ಅವನ ಮನಸ್ಸಿನಿಂದಲೂ ಅದು ಜಾರಿಹೋಯಿತು. ದಣಿವಿಗೆ ಮದ್ದು ನಿದ್ದೆ. ಅವನು ಮುಂದಿನ ಸಂತೆಯವರೆಗೆ ಚೆನ್ನಾಗಿ ಮಲಗಿದ. ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. ಬಿಟ್ಟ ಹೊಲಿಗೆ ಬಿಸಿಲಿಗೆ ಇನ್ನಷ್ಟು ಬಾಯಿ ತೆರೆಯಿತು.

ಅರ್ಥದಕ್ಕ ಆ ದಾರಿಯಲ್ಲಿ ನೀರಿಗೆ ಹೋಗುತ್ತಿದ್ದಳು. ಹೊಲಿಗೆಯನ್ನು ನೋಡಿದಳು. ನೀರು ಬಿದ್ದ ವಿಷಯ, ಎತ್ತುವಂತಿಲ್ಲ. ಇವತ್ತಲ್ಲ ನಾಳೆ ಅವನಿಗೇ ನೆನಪಾಗುತ್ತದೆ ಎಂದು ಕೊಡ ತುಂಬಿಕೊಂಡು ಮನೆಗೆ ಹೋದಳು. ತಮ್ಮನ ಗುಣ ಎಲ್ಲಿಂದ ಬಂದಿತ್ತು ಎಂದು ಬೇರೆ ಹೇಳಬೇಕಿಲ್ಲ.

ಸಂತೆಯ ದಿನ ಹೊಳೆ ತುಂಬಿ ಹರಿಯುತ್ತಿತ್ತು. ಗಾಣದವನ ಮನೆಯಲ್ಲಿ ಮಗುವಿಗೆ ಮೈ ಬಿಸಿಯಾಗಿತ್ತು. ಇವತ್ತೊಂದು ದಿನ ನಿಲ್ಲಿ ಎಂದು ಹೆಂಡತಿ ಹೇಳಿದಳು. ಎಣ್ಣೆ ಹಾಗೇ ಉಳಿದುಹೋಗುತ್ತೆ ಎಂದು ಗಂಡ ಹೇಳಿದ. ಮಾತಿಗೆ ಮಾತು ಬೆಳೆಯಿತು. "ಹೋಗಿ, ಆಚೆ ದಡದಲ್ಲೇ ಇದ್ದುಬಿಡಿ, ಬರಲೇಬೇಡಿ," ಎಂದು ಅವಳು ಬಾಗಿಲು ಹಾಕಿಕೊಂಡಳು. ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ಅತ್ತೆಯ ಕಿವಿಗೆ ಅದು ಬಿತ್ತು.

ನಡುಹೊಳೆಯಲ್ಲಿ ತೊಗಲು ಸೀಳಿತು. ಅಂಬಿಗ ಈಜಿ ದಡ ಸೇರಿದ. ಎಣ್ಣೆ ಡಬ್ಬಗಳು ತೇಲಿಕೊಂಡು ದಡ ಸೇರಿದವು. ಗಾಣದವನು ಕೆಳಗಿನ ಮಡುವಿನಲ್ಲಿ ಸಿಕ್ಕಿದ.

ಹೊಲಿಗೆ ಬಿಟ್ಟಿತ್ತೇ ಎಂದು ಯಾರೂ ಕೇಳಲಿಲ್ಲ. ಹೋದ ಸಲ ಅದೇ ಹರಿಗೋಲಿನಲ್ಲಿ ಏನೋ ಆಗಿತ್ತಲ್ಲ ಎಂದು ಒಬ್ಬಿಬ್ಬರಿಗೆ ನಾಲಗೆಯ ತುದಿಯವರೆಗೆ ಬಂದಿರಬಹುದು. ನೀರು ಬಿದ್ದ ವಿಷಯ, ನುಂಗಿಕೊಂಡರು. ಅಂಬಿಗ ಒದ್ದೆ ಬಟ್ಟೆಯಲ್ಲೇ ಅಕ್ಕನ ಹತ್ತಿರ ಬಂದು, "ಅಕ್ಕಾ, ನನಗೂ ಒಂದು ಪದ ಬೇಕೇನೋ," ಎಂದ. "ಹೊಳೆ ತುಂಬಿದ್ದಕ್ಕೆ ನಿನಗ್ಯಾಕೋ ಪದ? ಹೋಗು, ಮೈ ಒರೆಸ್ಕೋ," ಎಂದಳು ಅರ್ಥದಕ್ಕ. ಅವನು ತಲೆಯಾಡಿಸಿ ಹೋದ. ಅವನು ಹೋದ ಮೇಲೆ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕೊಂದದ್ದು ತಾನು ಎಂದು ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಒಲೆ ಹಚ್ಚಿದಳು, ಮುದ್ದೆ ತೊಳಸಿದಳು. ತೊಳಸಿದ ಮುದ್ದೆಯನ್ನು ತಿನ್ನಲಾಗದೆ ಕುಳಿತಳು.

ಮಗ ಹೋದ ಮನೆಯಲ್ಲಿ ಅತ್ತೆ ಸೊಸೆಯ ಮುಖ ನೋಡದಾದಳು. ಕಡೆಗೆ ಒಂದು ಮಧ್ಯಾಹ್ನ, ಬಂದವರೆಲ್ಲರ ಎದುರಿಗೆ, "ನಿನ್ನ ನಾಲಗೆ ನನ್ನ ಮಗನ್ನ ತಿಂತು," ಎಂದಳು. ಸೊಸೆ ಎದುರಾಡಲಿಲ್ಲ. ಅವಳೂ ಅದನ್ನೇ ಅಂದುಕೊಂಡಿದ್ದಳು.

ಗಾಣದವನ ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅರ್ಥದಕ್ಕನ ಮನೆಗೆ ಬಂದಳು. ಅವಳ ಕಣ್ಣು ಒಣಗಿತ್ತು. ಗಂಡ ಸತ್ತ ದಿನದಿಂದ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಊರು ಅದನ್ನೂ ಆಡಿಕೊಂಡಿತ್ತು.

"ಅಕ್ಕಾ, ನನಗೊಂದು ಪದ ಕೊಡಿ."

"ನೀನೇನು ಮಾಡಿದೆಯಮ್ಮ?"

"ಬರಬೇಡಿ ಅಂದೆ. ಬರಲಿಲ್ಲ."

"ಸಿಟ್ಟಲ್ಲಿ ಆಡಿದ ಮಾತು ಅದು."

"ಹೌದು. ಸಿಟ್ಟಲ್ಲಿ ಆಡಿದ್ದಕ್ಕೇ ತಗುಲಿದ್ದು. ಅತ್ತೆ ಹೇಳೋದು ಸರಿ. ಪದ ಕೊಡಿ, ಮುಗಿಸಿಬಿಡ್ತೀನಿ."

"ಮುಗಿಸಿದರೆ ನೀನು ಊರು ಬಿಡಬೇಕಾಗುತ್ತೆ. ಮಗು ನಿನ್ನ ಜೊತೆ ಬರೋ ಹಾಗಿಲ್ಲ."

ಗಾಣದವನ ಹೆಂಡತಿ ಮಗುವಿನ ಕಾಲನ್ನು ಹಿಡಿದುಕೊಂಡಳು. "ಅತ್ತೆ ನೋಡ್ಕೋತಾರೆ. ನನ್ನ ನಾಲಗೆಯ ಹತ್ತಿರ ಮಗು ಇರೋದು ಬೇಡ. ಅದಕ್ಕೂ ಏನಾದರೂ ಅಂದುಬಿಟ್ಟರೆ?"

ಈಗ ಹೇಳಬಹುದಿತ್ತು. ಅರ್ಥದಕ್ಕನ ಬಾಯಿ ತೆರೆದೂ ಇತ್ತು. ಆದರೆ ಅವಳಿಗೆ ಒಂದು ಯೋಚನೆ ಬಂತು: ಇವಳ ಪದ ಬಂದು, ಅರ್ಥ ಬಂದು, ನೀರು ಬಂದರೆ, ಗಾಣದವನ ಸಾವಿನ ಮಾತನ್ನು ಇನ್ನು ಯಾರೂ ಯಾವತ್ತೂ ಎತ್ತುವಂತಿಲ್ಲ. ತಮ್ಮನ ಹರಿಗೋಲು, ಬಿಟ್ಟ ಹೊಲಿಗೆ, ತನ್ನ ಸುಳ್ಳು ಅರ್ಥ, ಎಲ್ಲದರ ಮೇಲೂ ಆ ಒಂದು ಬಿಂದಿಗೆ ನೀರು ಬೀಳುತ್ತದೆ. ಅವಳು ಗಾಣದವನ ಹೆಂಡತಿಯ ಕಿವಿಯಲ್ಲಿ ಪದ ಹೇಳಿದಳು.

"ಹೆಕ್ಸ್."

"ಇದರರ್ಥ ಏನಕ್ಕಾ?"

"ಕಲ್ಲಿನ ಹತ್ತಿರ ಗೊತ್ತಾಗುತ್ತೆ."

ಅದರ ಅರ್ಥ ಮಾಟ. ಅಂಥ ಕೆಲಸಕ್ಕೆ ದಂಡ, ಹೊಳೆಯಾಚೆ ಹೋಗಿ ಮತ್ತೆ ಬಾರದಿರುವುದು. ಪದ ಕೊಟ್ಟ ಕ್ಷಣ ಅರ್ಥದಕ್ಕನಿಗೆ ಹಗುರವೆನಿಸಿತು. ಹಗುರವೆನಿಸಿತಲ್ಲ ಎಂದು ಗೊತ್ತಾದಾಗ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಕರೆದು ಪದವನ್ನು ವಾಪಸು ಕೇಳಲಿಲ್ಲ. ಹೇಸಿಗೆಪಟ್ಟುಕೊಂಡೇ ನಾವು ಎಷ್ಟೋ ಕೆಲಸ ಮಾಡಿ ಮುಗಿಸುತ್ತೇವೆ.

ಗಾಣದವನ ಹೆಂಡತಿ ಪದವನ್ನು ಬಾಯಿಪಾಠ ಮಾಡುತ್ತ ಹೋದಳು. ಆ ಪದ ಅವಳ ನಾಲಗೆಗೆ ಒಗ್ಗುತ್ತಿರಲಿಲ್ಲ. ಕಲ್ಲಿನ ಮೇಲೆ ತಪ್ಪಿ ಹೇಳಿದರೆ ಲೆಕ್ಕಕ್ಕಿಲ್ಲವಾದ್ದರಿಂದ, ಬಟ್ಟೆ ಒಗೆಯುತ್ತ, ಗಾಣದ ಎತ್ತಿಗೆ ಹುಲ್ಲು ಹಾಕುತ್ತ, ಕಸ ಗುಡಿಸುತ್ತ ಅದನ್ನೇ ಹೇಳಿಕೊಂಡಳು. ಹೆಕ್ಸ್. ಹೆಕ್ಸ್. ಹೆಕ್ಸ್.

ಸಂಜೆಯ ಹೊತ್ತು ಅರ್ಥದಕ್ಕ ಆ ಬೀದಿಯಲ್ಲಿ ಹಾದುಹೋಗುವಾಗ ಮಗು ಗಾಣದ ಮನೆಯ ಮೆಟ್ಟಿಲ ಮೇಲೆ ಕೂತಿತ್ತು. ಜ್ವರ ಬಿಟ್ಟಿತ್ತು. ಆಗಷ್ಟೇ ತೊದಲು ಕಲಿಯುತ್ತಿದ್ದ ಹೆಣ್ಣುಮಗು. ಮಣ್ಣಿನಲ್ಲಿ ಕೈಯಾಡಿಸುತ್ತ, ತಾಯಿಯ ಬಾಯಲ್ಲಿ ಇಡೀ ದಿನ ಕೇಳಿದ್ದನ್ನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. "ಹೆಕ್ಕ್. ಹೆಕ್ಕ್." ಅರ್ಥದಕ್ಕನನ್ನು ಕಂಡು ಬಾಯಿ ಅಗಲಿಸಿ ನಕ್ಕಿತು. ಕೈ ಚಾಚಿ, ಅವಳನ್ನು ಕರೆಯುವಂತೆ, ಇನ್ನೊಂದು ಸಲ ಅದನ್ನೇ ಹೇಳಿತು.

ಅರ್ಥದಕ್ಕ ಅಲ್ಲಿ ನಿಲ್ಲಲಾರದೆ ಮನೆಗೆ ನಡೆದಳು. ಬಾಯಿ ಎಂದಿನಂತೆ ಉರಿಯಿತು. ಇದುವರೆಗೆ ಉರಿದದ್ದೆಲ್ಲ ಬೇರೆಯವರದು ಎಂಬ ಸಮಾಧಾನವಿತ್ತು. ಇವತ್ತು ಆ ಸಮಾಧಾನ ಇರಲಿಲ್ಲ.

ಬೆಳಗಾಯಿತು. ಎಲ್ಲ ಬೀದಿಗಳಿಂದಲೂ ಜನ ಬಂದು ಕಲ್ಲಿನ ಸುತ್ತ ನಿಂತರು. ಅತ್ತೆ ಬಿಂದಿಗೆ ತುಂಬಿಸಿ ತಂದಿದ್ದಳು. ಗಾಣದವನ ಹೆಂಡತಿ ಮಗುವನ್ನು ಅತ್ತೆಯ ಕಾಲ ಬಳಿ ಇಳಿಸಿ, ಅದರ ತಲೆ ಸವರಿ, ಕಲ್ಲು ಹತ್ತಿದಳು. ಗೆರೆಗಳು ಕೂಡುವಲ್ಲಿ ಕಾಲೂರಿದಳು.

"ಹೆಕ್ಸ್," ಎಂದಳು. ಸ್ಪಷ್ಟವಾಗಿ ಹೇಳಿದಳು, ಒಂದಿಷ್ಟೂ ತಪ್ಪಲಿಲ್ಲ. ಇಳಿದಳು.

ಎಲ್ಲರೂ ಅರ್ಥದಕ್ಕನ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ.

"ಹೇಳಮ್ಮ," ಎಂದ ಊರ ಯಜಮಾನ. "ಬಿಸಿಲೇರುತ್ತೆ."

ಅರ್ಥದಕ್ಕ ನಡೆದುಬಂದು ತಾನೇ ಕಲ್ಲು ಹತ್ತಿದಳು. ಜನ ಗುಸುಗುಸು ಶುರು ಮಾಡಿದರು. ದುಭಾಷಿಯ ಮನೆಯವರು ಕಲ್ಲಿನ ಪಕ್ಕದಲ್ಲಿ ನಿಲ್ಲುವವರು. ಮೇಲೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಮೇಲೆ ನಿಂತಾಗ ಊರು ಬೇರೆ ಥರ ಕಾಣುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಎಲ್ಲರ ಮುಖವೂ ಕಾಣುತ್ತಿತ್ತು. ಹಿಂದೆ, ಮರದ ಕೆಳಗೆ, ತಮ್ಮ ನಿಂತಿದ್ದ.

"ಬಾಕ್ಸ್," ಎಂದಳು.

ಹೇಳಿ, ಅಭ್ಯಾಸದಂತೆ ಕಾದಳು. ಊರೂ ಕಾದು ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹಾಲಿನವಳು, "ಅಲ್ಲಾ, ಅರ್ಥ ಹೇಳೋರು ಯಾರು?" ಎಂದಳು.

ಹೇಳುವವರು ಯಾರೂ ಇರಲಿಲ್ಲ. ಇಡೀ ಊರಿನ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ, ಅವಳು ಕಲ್ಲಿನ ಮೇಲಿದ್ದಳು. ಇಷ್ಟು ವರ್ಷ 'ಇವನು' ಎಂದಿದ್ದಳು, 'ಇವಳು' ಎಂದಿದ್ದಳು. ಆ ಜಾಗದಲ್ಲಿ ಈಗ ತನ್ನನ್ನು ಇಡಬೇಕು. ಅವಳಿಗೆ ನಾಚಿಕೆ ಗೊತ್ತಿತ್ತು. ತನ್ನದೇ ನಾಚಿಕೆ ಎಂದರೆ ಏನು ಎಂದು ಗೊತ್ತಿರಲಿಲ್ಲ. ಅದು ಬಾಯಲ್ಲಿ ಉರಿಯುವಂಥದ್ದಲ್ಲ. ಅದಕ್ಕೆ ಮಜ್ಜಿಗೆ ಸಾಲದು.

"ನಾನು ಬಚ್ಚಿಟ್ಟಿದೀನಿ," ಎಂದಳು. ಗಾಣದವನ ಹೆಂಡತಿಯನ್ನು ನೋಡುತ್ತ ಹೇಳಿದಳು. "ಅವತ್ತು ನನ್ನ ತಮ್ಮ ಒಂದು ಪದ ಹೇಳಿದ. ಅದರರ್ಥ ದಣಿವಲ್ಲ. ಅಸಡ್ಡೆ."

"ನೀರು ಬಿದ್ದ ವಿಷಯ!" ಯಜಮಾನ ಕೋಲು ಕುಟ್ಟಿದ. "ಎತ್ತಬೇಡ!"

"ಎತ್ತುತೀನಿ ಯಜಮಾನ್ರೇ. ಹರಿಗೋಲಿನ ಹೊಲಿಗೆ ಬಿಟ್ಟಿತ್ತು. ಅವನು ನನ್ನ ಹತ್ತಿರ ಹೇಳಿದ್ದ. ನಿಮಗೆ ಹೇಳಿದರೆ ಹರಿಗೋಲು ಅವನ ಕೈ ತಪ್ಪುತ್ತೆ ಅಂತ ನಾನು ಸುಳ್ಳು ಅರ್ಥ ಹೇಳಿದೆ. ಆಮೇಲೂ ಆ ಹೊಲಿಗೆ ನನ್ನ ಕಣ್ಣಿಗೆ ಬಿತ್ತು. ಸುಮ್ಮನಿದ್ದೆ. ನಿನ್ನ ಗಂಡ ನನ್ನ ಮಾತು ನಂಬಿ ಹತ್ತಿದ ಕಣಮ್ಮ. ನಿನ್ನ ನಾಲಗೆ ಏನೂ ಮಾಡಲಿಲ್ಲ. ಮಾಡಿದ್ದು ನನ್ನ ನಾಲಗೆ. ನಿನಗೆ ಹೆಕ್ಸ್ ಅಂತ ಕೊಟ್ಟಿದ್ದೂ ನಾನು ಪಾರಾಗೋಕೆ. ತಪ್ಪು ನಂದು. ನನ್ನಿಂದ ತಪ್ಪಾಯ್ತು."

ಆ ಕೊನೆಯ ಮಾತನ್ನು ಆ ಜಾಗದಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಕೇಳಿದವರಿಗೆ ಮೈಮೇಲೆ ಏನೋ ಹರಿದ ಹಾಗಾಯಿತು. ಹಾಲಿನವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಲವರು ನೆಲ ನೋಡಿದರು. ಅದು ಅವರದೇ ಮಾತು, ದಿನಾ ಆಡುವ ಭಾಷೆಯದೇ ಮಾತು. ಆದರೆ ಅದಕ್ಕೆ ಇಷ್ಟು ತೂಕವಿದೆ ಎಂದು ಅವರಿಗೆ ಮರೆತುಹೋಗಿತ್ತು.

ಯಜಮಾನ ಸಾವರಿಸಿಕೊಂಡು ಅತ್ತೆಗೆ ಹೇಳಿದ, "ಆಯ್ತು, ಏನೋ ಒಂದು ಅರ್ಥ ಬಂತಲ್ಲ. ನೀರು ಹಾಕಿ ಮುಗಿಸಮ್ಮ."

"ಯಾವುದನ್ನ ಮುಗಿಸಲಿ?" ಎಂದಳು ಅತ್ತೆ. ಬಿಂದಿಗೆಯನ್ನು ಕೆಳಗಿಟ್ಟಳು.

ಗಾಣದವನ ಹೆಂಡತಿ ಕಲ್ಲಿನ ಹತ್ತಿರ ಬಂದು ನಿಂತಳು. ಅರ್ಥದಕ್ಕನಿಗೆ ಅವಳು ಹೊಡೆಯಬಹುದು ಎನ್ನಿಸಿತು. ಹೊಡೆಯಲಿ ಎಂದು ಆಸೆಯೂ ಆಯಿತು. ಅವಳು ಹೊಡೆಯಲಿಲ್ಲ.

"ಅವತ್ತು ಅಸಡ್ಡೆ ಅಂತ ಹೇಳಿದ್ದಿದ್ದರೆ, ಅವರು ಹರಿಗೋಲು ಹತ್ತುತ್ತಿದ್ದರಾ?"

"ಇಲ್ಲ."

"ನಾನು ಬರಬೇಡಿ ಅಂದಿದ್ದು?"

"ಅದು ಜಗಳದ ಮಾತು. ಎಲ್ಲರ ಮನೇಲೂ ಆಡ್ತಾರೆ."

ಗಾಣದವನ ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದಳು. ಇಷ್ಟು ದಿನ ಅವಳು ಅತ್ತಿರಲಿಲ್ಲ. ಕೊಂದವಳಿಗೆ ಅಳುವ ಹಕ್ಕಿಲ್ಲ ಎಂದುಕೊಂಡಿದ್ದಳು. ಈಗ ಅವಳು ಗಂಡ ಸತ್ತ ಹೆಂಗಸಿನ ಹಾಗೆ, ಊರೆಲ್ಲ ಕೇಳುವ ಹಾಗೆ, ಅವನ ಹೊಟ್ಟೆಯನ್ನೂ ಅವನ ನಗುವನ್ನೂ ಹೆಸರಿಸಿ ಹೆಸರಿಸಿ ಅತ್ತಳು. ಅತ್ತೆ ಮಗುವನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು. ಸೊಸೆಯ ಬೆನ್ನ ಮೇಲೆ ಕೈಯಿಟ್ಟು, "ನಾನು ಅನ್ನಬಾರದಿತ್ತು ಕಣೇ," ಎಂದಳು. ಅವಳೂ ಪದ ಕೇಳಲಿಲ್ಲ.

ಅರ್ಥದಕ್ಕ ಕಲ್ಲಿನ ಮೇಲೆ ನಿಂತೇ ಇದ್ದಳು. ಇಳಿ ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಕ್ಷಮಿಸಿದೆ ಎಂದು ಗಾಣದವನ ಹೆಂಡತಿ ಹೇಳಲಿಲ್ಲ. ಅವಳಿಗೆ ಅತ್ತು ಮುಗಿಸಬೇಕಿತ್ತು, ಅರ್ಥದಕ್ಕನ ನೆನಪೇ ಅವಳಿಗಿರಲಿಲ್ಲ. ಜನ ಒಬ್ಬೊಬ್ಬರೇ ಮನೆಗೆ ಹೋದರು. ಅತ್ತೆ ಸೊಸೆಯನ್ನು ಎಬ್ಬಿಸಿಕೊಂಡು ಗಾಣದ ಬೀದಿಗೆ ತಿರುಗಿದಳು. ಕಡೆಗೆ ಅರ್ಥದಕ್ಕ ತಾನಾಗಿಯೇ ಇಳಿದಳು. ಇಳಿದರೆ ಹಗುರವಾಗುತ್ತದೆ ಎಂದು ಎಲ್ಲೋ ಆಸೆಯಿತ್ತು. ಆಗಲಿಲ್ಲ.

ಮರದ ಕೆಳಗೆ ತಮ್ಮ ಇನ್ನೂ ನಿಂತಿದ್ದ. ಅವನು ಸಿಟ್ಟಾಗಿರಲಿಲ್ಲ. ಅವನ ಮುಖ ಆಗಷ್ಟೇ ನಿದ್ದೆಯಿಂದ ಎದ್ದವನ ಮುಖದಂತಿತ್ತು.

"ಅಕ್ಕಾ," ಎಂದ. "ಹಾಗಾದರೆ ನನಗೆ ದಣಿವಾಗಿರಲಿಲ್ವಾ?"

ಅರ್ಥದಕ್ಕನಿಗೆ ಆಗ ತಿಳಿಯಿತು: ಅವನನ್ನು ಕಾಪಾಡಲು ಹೋಗಿ ಅವನ ತಪ್ಪನ್ನು ಅವನಿಂದಲೇ ಕಸಿದುಕೊಂಡಿದ್ದಳು. ತಪ್ಪು ಕೈಯಲ್ಲಿದ್ದಿದ್ದರೆ ಅವನು ಸೂಜಿ ಹಿಡಿಯುತ್ತಿದ್ದ.

"ಇಲ್ಲ ಕಣಪ್ಪ," ಎಂದಳು.

"ನೋಡಿದ್ದೆ ನಾನು. ಹೊಲಿಗೆ ಬಿಟ್ಟಿದ್ದನ್ನ ನೋಡಿದ್ದೆ."

"ಹೌದು."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಗಾಣದ ಬೀದಿಯ ಕಡೆ ಹೆಜ್ಜೆ ಹಾಕಿದ. ಅರ್ಥದಕ್ಕನ ಕಾಲು ತಾನೇ ಅವನ ಹಿಂದೆ ಹೊರಟಿತು.

"ತಡಿಯೋ. ನಾನು ಬಂದು ಹೇಳ್ತೀನಿ."

"ಬೇಡ ಅಕ್ಕಾ. ನೀನು ಬರಬೇಡ."

"ಹೋಗಿ ಏನಂತ ಹೇಳ್ತೀಯೋ?"

"ಗೊತ್ತಿಲ್ಲ," ಎಂದ ಅಂಬಿಗ. ತಿರುಗಿ ನೋಡದೆ, ಅಳು ಕೇಳುತ್ತಿದ್ದ ಮನೆಯ ಕಡೆಗೆ ನಡೆದ.